ಹಿಂಡಿ ತಿಂದ ಹೋರಿ

ಎರಡನೆಯ ಹೋರಿಯ ಬಾನಿಗೆ ಜೋಳದ ನುಚ್ಚು, ಹಿಂಡಿ ಸುರಿದು ಆಕೆ ಕೈಯಿಂದ ಕಲಸುತ್ತಿದ್ದಳು. ಗಂಡನ ಹೆಣ ನಡುಮನೆಯಲ್ಲಿತ್ತು. ಇವತ್ತಾದರೂ ಈ ಕೆಲಸ ಬಿಡಬಾರದೇ ಎಂದು ಯಾರೋ ಅಂದರು. ಹೋರಿಗಳಿಗೆ ಹೇಳಿಬರುವವರು ಯಾರು ಎಂದು ಆಕೆ ಮೂರನೆಯದರ ಬಳಿ ಹೋದಳು.

ಅಂಗಳದ ಬೆಂಚಿನಲ್ಲಿ ಮೈದುನ ಬಂದವರಿಗೆಲ್ಲ ಅಣ್ಣನ ಗುಣ ಹೇಳುತ್ತಿದ್ದ. ನಲವತ್ತು ವರ್ಷ ಬೀಜದ ಹೋರಿ ಸಾಕಿದವನು, ಒಂದರ ಮೇಲೂ ದೂರು ಬರಲಿಲ್ಲ ಎಂದ. ಹೋರಿಗಳ ಗೊರಸು ಕತ್ತರಿಸುವ ಮುದುಕ, ಊರಿಗೆಲ್ಲ ಗೊರಸಜ್ಜ, ಕೆಮ್ಮಿದ.

"ಒಂದರ ಮೇಲೆ ಬಂದಿತ್ತಲ್ಲಪ್ಪ. ಗುಡ್ಡದಾಚೆ ಹೆಂಗಸು ತಗೊಂಡಿದ್ದು. ಗೊರಸು ಮೊರದ ಹಾಗೆ ಅಗಲ ಆಗಿತ್ತು. ನಾನೇ ಹೋಗಿ ಕತ್ತರಿಸಿದ್ದೆ."

"ಹೆಣ ಇನ್ನೂ ಒಳಗಿದೆ ಅಜ್ಜ. ಗೊರಸಿನ ಮಾತು ನಾಳೆಗಿರಲಿ" ಎಂದು ಮೈದುನ ತಡೆದ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಆಕೆಯ ಕೈಯೆಲ್ಲ ಹಿಟ್ಟಾಗಿತ್ತು. ಒರೆಸಿಕೊಳ್ಳುವುದು ಮರೆತಳು.

*

ಮೊದಲೆಲ್ಲ ಆಕೆಯ ಗಂಡನ ಹೋರಿಗಳಿಗೆ ಹುಲ್ಲೇ ಮೇವು. ಮೂರು ವರ್ಷ ಬಯಲಲ್ಲಿ ಅಡ್ಡಾಡಿ ಎಲುಬು ಗಟ್ಟಿಯಾದ ಮೇಲೆಯೇ ಮಾರಾಟಕ್ಕೆ. ಆದರೆ ಬೇರೆಯವರ ಹಿಂಡಿ ತಿಂದ ಹೋರಿಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಎರಡು ವರ್ಷ ಆತನ ಹೋರಿಗಳನ್ನು ಯಾರೂ ಮುಟ್ಟಿಯೂ ನೋಡಲಿಲ್ಲ. ಪಕ್ಕೆಲುಬು ಎಣಿಸಬಹುದು ಎಂದು ನಕ್ಕು ಮುಂದೆ ಹೋದರು. ಮೈದುನ ಹಿಂಡಿ ತಂದ. ಆತ ಮೂಟೆ ಬಿಚ್ಚಿದ.

ಎಂಟು ತಿಂಗಳಲ್ಲಿ ಹೋರಿ ಗೋಡೆಯಂತಾಯಿತು. ಗುಡ್ಡದಾಚೆಯ ಹೆಂಗಸು ಮೆಚ್ಚಿ, ಹುಲ್ಲಿನಲ್ಲೇ ಬೆಳೆದದ್ದು ತಾನೇ ಎಂದು ಕೇಳಿದಳು. ಆತ ಹೌದೆಂದು ತಲೆಯಾಡಿಸಿದ.

ಅವಳ ಹುಲ್ಲಿಗೆ ಬಿಟ್ಟ ಹೋರಿ ಮೈ ಇಳಿದುಹೋಯಿತು, ಹಿಂಡಿಗೆ ಹರಡಿದ್ದ ಗೊರಸಿನಿಂದ ಕುಂಟಿತು. ಮೂವತ್ತು ಹಸುಗಳಲ್ಲಿ ನಾಲ್ಕೇ ಗಬ್ಬವಾದವು. ಅವಳು ಜಗಳಕ್ಕೆ ಬರಲಿಲ್ಲ, ಕಾಗದ ಬರೆದಳು: ನಿಮ್ಮ ಹುಲ್ಲಿನಲ್ಲಿ ಬೆಳೆದದ್ದು ನನ್ನ ಹುಲ್ಲಿನಲ್ಲಿ ಸೊರಗಿದೆ, ನನ್ನ ನೆಲಕ್ಕೇನಾಗಿದೆ, ತಿಳಿದವರು ಹೇಳಿ.

ಆತ ಅಂದೇ ಉತ್ತರ ಬರೆದ. ನಿಮ್ಮ ನೆಲದ್ದೇನೂ ತಪ್ಪಿಲ್ಲ, ನಾನು ಹಿಂಡಿ ತಿನ್ನಿಸಿ ಸುಳ್ಳು ಹೇಳಿದೆ ಎಂದು. ಅಂಚೆಗೆ ಮಾತ್ರ ಹಾಕಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ, ಈ ಸಲದ ಹೋರಿಗಳು ಮಾರಿಹೋಗಲಿ, ಆಮೇಲೆ ಹಾಕುತ್ತೇನೆ ಎನ್ನುತ್ತಿದ್ದ. ನಾಲ್ಕು ಸಲದ ಹೋರಿಗಳು ಹೋದವು.

*

ಮಣ್ಣು ಮಾಡಿ ಬಂದ ಮೇಲೆ ಆಕೆ ಗೊರಸಜ್ಜನ ಪಕ್ಕ ಕುಳಿತು, ಆ ಹೆಂಗಸು ಹೇಗಿದ್ದಾಳೆ ಎಂದು ವಿಚಾರಿಸಿದಳು.

"ಹಸುಗಳನ್ನೆಲ್ಲ ಕೊಟ್ಟುಬಿಟ್ಟಳು ಕಣಮ್ಮ. ಹುಲ್ಲುಗಾವಲಿಗೆ ನೇಗಿಲು ಹಾಕಿಸಿದಳು. ನನ್ನ ನೆಲವೇ ಕೆಟ್ಟದ್ದು ಅಂತ ಕೂತಲ್ಲೇ ಕೂತಿರ್ತಾಳೆ."

"ಹುಲ್ಲು ಹೇಗಿತ್ತು ಅಜ್ಜ?"

"ಮೊಣಕಾಲುದ್ದ. ಅಂಥ ಹುಲ್ಲು ನಾನು ಇನ್ನೆಲ್ಲೂ ನೋಡಿಲ್ಲ."

ಆಕೆ ಒಳಗೆ ಹೋಗಿ ಗಂಡನ ಮೇಜಿನಿಂದ ಲಕೋಟೆ ತೆಗೆದಳು. ಹೊಸ್ತಿಲಲ್ಲಿ ಮೈದುನ ಎದುರಾದ. ಅದೇನೆಂದು ಅವನಿಗೂ ಗೊತ್ತಿತ್ತು.

"ಅತ್ತಿಗೆ, ಬರೋ ವಾರ ಮಾರಾಟ ಇದೆ. ನಮಗೆ ಉಳಿದಿರೋದು ಅಣ್ಣನ ಹೆಸರೊಂದೇ. ಅದನ್ನೂ ಮಣ್ಣು ಮಾಡ್ತೀರಾ?"

"ಇವತ್ತೇ ಮಾಡಿಬಿಡೋಣಪ್ಪ. ಜನ ಹೇಗೂ ಬಂದಿದ್ದಾರೆ."

ಅಂಚೆ ಕಚೇರಿಯಲ್ಲಿ ಹಳೆಯ ಅಂಚೆಚೀಟಿ ಸಾಲದೆಂದು ಇನ್ನೊಂದು ಅಂಟಿಸಬೇಕಾಯಿತು. ಗುಡ್ಡದಾಚೆಗೆ ದಿನವೂ ಟಪಾಲು ಒಯ್ಯುವವನು ವಿಳಾಸ ಓದಿದ. ಹುಲ್ಲುಗಾವಲಿನ ಮನೆ ಎಂದು ಬರೆದಿದೆ, ಈಗ ಅಲ್ಲಿ ಹುಲ್ಲುಗಾವಲಿಲ್ಲವಲ್ಲ, ಆ ಪದ ಹೊಡೆದುಹಾಕಲೇ ಎಂದು ಕೇಳಿದ. ಬೇಡ, ಅವರು ಬರೆದ ಹಾಗೇ ಇರಲಿ ಎಂದಳು. ಅವನು ಮುದ್ರೆಯನ್ನು ಶಾಯಿಗೆ ಒತ್ತಿ, ಆ ಪದದ ಮೇಲೆಯೇ ಕುಟ್ಟಿದ.