ಮೋಡಿ ಓದುವವನು

"ಅಲ್ಲಿಟ್ಟು ಹೋಗ್ರಿ ಹಜರತಅಲಿ, ಸ್ಕ್ಯಾನಿಂಗಿನವರು ಫೋಟೋ ತಗೊಂತಾರ," ಎಂದ ಗುಮಾಸ್ತ ಶಿವಾನಂದ. ಎದೆಗವಚಿ ತಂದಿದ್ದ ದಪ್ಪ ರಿಜಿಸ್ಟರನ್ನು ಹಜರತಅಲಿ ಸ್ಕ್ಯಾನಿಂಗ್ ಮೇಜಿನ ಮೇಲಿಟ್ಟ.

ಸವಣೂರಿನ ಆ ಕಚೇರಿಯ ರೆಕಾರ್ಡ್ ರೂಮಿಗೆ ಅವನು ಬರತೊಡಗಿ ಇಪ್ಪತ್ತಾರು ವರ್ಷ. ನೌಕರನಲ್ಲ. ಹಳೆಯ ಜಮೀನು ದಾಖಲೆಗಳೆಲ್ಲ ಮರಾಠಿಯ ಮೋಡಿ ಲಿಪಿಯಲ್ಲಿದ್ದವು. ಪದಗಳ ನಡುವೆ ಜಾಗವನ್ನೇ ಬಿಡದೆ ಓಡುವ ಆ ಅಕ್ಷರ ಬಲ್ಲ ಕೊನೆಯ ಗುಮಾಸ್ತರು, ನಿವೃತ್ತರಾಗುವ ಮುಂಚೆ, ಚಹಾ ತಂದುಕೊಡುತ್ತಿದ್ದ ಇವನಿಗೆ ಕಲಿಸಿದ್ದರು. ಆಮೇಲೆ ಬಂದ ಸಾಹೇಬರೆಲ್ಲ ಇವನಿಂದ ಓದಿಸಿಕೊಂಡು ಕೆಳಗೆ ತಮ್ಮ ಸಹಿ ಹಾಕಿದರು.

"ಸೋಮವಾರದಿಂದ ಬರೂದು ಬ್ಯಾಡ್ರಿ. ಹೊರಗಿನವರು ಒಳಗ ಇರಬಾರ್ದಂತ ಆರ್ಡರ್ ಆಗೇತಿ," ಎಂದ ಶಿವಾನಂದ.

"ಓದಾಕ ಯಾರ್ರಿ?"

"ಫೋಟೋ ಇರ್ತಾವಲ್ರಿ."

ಹಜರತಅಲಿ ರಿಜಿಸ್ಟರಿನ ಮೇಲಿನ ಧೂಳು ಒರೆಸಿದ. "ಇಷ್ಟು ವರ್ಷ ಇಲ್ಲಿ ಓದೇನಿ ಅಂತ ಒಂದು ಕಾಗದನರ ಬರ್ದು ಕೊಡ್ರಿ."

"ಹಾಜರಿ ಬುಕ್ಕಿನ್ಯಾಗ ಒಂದಿನಾನೂ ನಿಮ್ಮ ಹೆಸರಿಲ್ಲ. ಏನಂತ ಬರೀಲಿ, ನೀವ ಹೇಳ್ರಿ."

ಶಿವಾನಂದನ ದನಿಯಲ್ಲಿ ಒರಟುತನವಿರಲಿಲ್ಲ. ಹಾಗಾಗಿ ಜಗಳವಾಡಲೂ ಆಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ಹತ್ತಿಮತ್ತೂರಿನ ಶಾರವ್ವ ಮೂರನೆಯ ದಿನವೂ ಬಂದು ಕೂತಿದ್ದಳು. ಆಕೆ ಉಳುತ್ತಿದ್ದ ಎರಡು ಎಕರೆಯನ್ನು ಬಿಡಬೇಕೆಂದು ಹೊಲ ತನ್ನ ಅಜ್ಜನದೆನ್ನುವವನೊಬ್ಬ ನೋಟಿಸು ಕೊಟ್ಟಿದ್ದ. ಹೊಲ ತನ್ನ ಅಜ್ಜಿಯದೆಂದು ಆಕೆ ಚಿಕ್ಕಂದಿನಿಂದ ಕೇಳಿದ್ದಳು. ಹಜರತಅಲಿ ಆಕೆಯನ್ನು ಒಳಗೆ ಕರೆದು, ಮೇಜಿನ ಮೇಲಿದ್ದ ಅದೇ ರಿಜಿಸ್ಟರಿನಲ್ಲಿ ಹತ್ತಿಮತ್ತೂರಿನ ಹಾಳೆ ತೆರೆದ. ಫೋಟೋದವರು ಊಟಕ್ಕೆ ಎದ್ದಿದ್ದರು.

ಮೊದಲು ಮನಸ್ಸಿನಲ್ಲೇ ಓದಿಕೊಂಡ. ಎರಡನೇ ಸಲವೂ ಓದಿದ. ಈಗ ತಾನು ಏನು ಹೇಳಿದರೂ ತಪ್ಪೆನ್ನುವವರು ಈ ತಾಲ್ಲೂಕಿನಲ್ಲೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಅವ್ವ, ಹೊಲ ಅವರದ ಐತಿ," ಎಂದ. "ನಿಮ್ಮಜ್ಜಿ ಲಾವಣಿ ಹಿಡಿದು, ಗೇಣಿಗೆ ಉಳತಿದ್ದಳು, ಅಷ್ಟ. ಅದೂ ಕಾಗದದಾಗ ಎರಡ ವರ್ಷ. ಆಮ್ಯಾಲೆ ಗೀಟು ಹೊಡದಾರ."

ಶಾರವ್ವ ಅಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ವಕೀಲರು ಬ್ಯಾರೆ ಹೇಳಿದ್ರು," ಎಂದಳು.

"ಅವರಿಗೆ ಇದು ಓದಾಕ ಬರೂದಿಲ್ಲವ್ವ."

"ಹೂನ್ರಿ. ನೀವು ಓದಿದ್ರಿ ಅಂದ್ರ ಖರೇನ ಇರಬೇಕು." ಬಹಳ ಹೊತ್ತು ಆಕೆ ಹಾಳೆಯನ್ನೇ ನೋಡಿದಳು. "ಹೆಸರು ಬರದಾರಾ, ನಮ್ಮಜ್ಜೀದು?"

"ಬರದಾರ."

"ಎಲ್ಲೈತ್ರಿ?"

ಅವನು ತೋರಿಸಿದ. ಕಂದಿದ ಮಸಿಯ ಸಾಲು, ಮೇಲೊಂದು ಅಡ್ಡಗೀಟು. ಆಕೆ ಬೆರಳು ಚಾಚಿ, ಮುಟ್ಟದೆ ಹಿಂದೆಗೆದುಕೊಂಡಳು.

ಫೋಟೋದವರು ಕೈ ಒರೆಸಿಕೊಳ್ಳುತ್ತ ವಾಪಸು ಬಂದರು. "ಮುಗೀತೇನ್ರಿ?" ಎಂದ ಶಿವಾನಂದ.

"ಇನ್ನೊಮ್ಮೆ ಓದ್ರಿ," ಎಂದಳು ಶಾರವ್ವ. "ಅವರು ಬರದಂಗನ."

ಹಜರತಅಲಿ ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡ. ಗಂಟಲು ಸರಿಮಾಡಿಕೊಂಡು ಊರಿನ ಹೆಸರಿನಿಂದ ಶುರುಮಾಡಿದ, ಹೊಲದ ನಂಬರು, ನಾಲ್ಕೂ ದಿಕ್ಕಿನ ಬದು, ಒಡೆಯರ ಹೆಸರು, ಆಮೇಲೆ ನಿಧಾನಕ್ಕೆ, ಗೀಟಿನಡಿಯ ಹೆಸರು, ಗಂಡನ ಹೆಸರಿನೊಡನೆ, "ಉಡಚವ್ವ ಕೋಂ ಚೌಡಪ್ಪ."