ಹಿಮ್ಮಡಿಯ ಒಂದು ಹನಿ ರಕ್ತ

ಬೇಕರಿಯವರ ಮನೆಯಲ್ಲಿ ಎರಡನೇ ಮಗು ಹುಟ್ಟಿ ವಾರವಾಗಿತ್ತು. ಪಕ್ಕದ ಮನೆಯ ಹೊಲಿಗೆಯವಳು ನಾನು. ಮಷಿನ್ ನಿಲ್ಲಿಸಿದಾಗೆಲ್ಲ ಗೋಡೆಯಾಚೆಯ ಅಳು ಕೇಳಿಸುತ್ತಿತ್ತು, ದಿನದಿನಕ್ಕೂ ಅದು ಸಣ್ಣಗಾಗುತ್ತಿತ್ತು. ಮಗು ಕುಡಿದದ್ದೆಲ್ಲ ಕಾರಿಕೊಳ್ಳುತ್ತಿತ್ತು. ಕಣ್ಣು ಹಳದಿ. ಮೊದಲನೆಯದೂ ಹೀಗೇ ಸೊರಗಿ, ಹೆಸರಿಡುವ ಮುಂಚೆಯೇ ಕಣ್ಣು ಮುಚ್ಚಿತ್ತು.

ಮಗುವಿನ ಅಜ್ಜಿ, ಬೇಕರಿಯವನ ತಾಯಿಯದು ಒಂದೇ ಹಟ: ಮಗು ಸೋತಿದೆ, ಇನ್ನೂ ಕುಡಿಸು. ಬಾಣಂತಿ ಪಾಪ, ಕಣ್ಣೀರು ಒರೆಸಿಕೊಳ್ಳುತ್ತಲೇ ಮತ್ತೆ ಮತ್ತೆ ಹಾಲೂಡುತ್ತಿದ್ದಳು. ಹಿಮ್ಮಡಿ ಚುಚ್ಚಿ ಪರೀಕ್ಷೆಗೆ ರಕ್ತ ತೆಗೆಯಲು ಆರೋಗ್ಯ ಕೇಂದ್ರದ ನರ್ಸಕ್ಕ ಬಂದರೆ ಅಜ್ಜಿ ಬಾಗಿಲಲ್ಲೇ ತಡೆದು ಕಳಿಸುತ್ತಿದ್ದರು.

"ಇರೋದೇ ಹಿಡಿಯಷ್ಟು ಜೀವ. ಅದಕ್ಕೂ ಸೂಜಿ ಚುಚ್ತೀರಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಲ ನಾನೇ ನರ್ಸಕ್ಕನ ಕೈ ಹಿಡಿದು ಒಳಗೆ ಕರೆದೊಯ್ದೆ. ಹಿಟ್ಟು ಮೆತ್ತಿದ ಕೈಯಲ್ಲೇ ಬೇಕರಿಯವನು ಎದ್ದು ನಿಂತ.

"ಅಣ್ಣ, ಯೀಸ್ಟ್ ಹಾಕದೆ ಇಟ್ರೆ ಬ್ರೆಡ್ಡಿನ ಹಿಟ್ಟು ಉಬ್ಬುತ್ತಾ?" ಎಂದು ನರ್ಸಕ್ಕ ಕೇಳಿದರು.

"ಎಲ್ಲಿ ಉಬ್ಬುತ್ತೆ? ಇಟ್ಟಲ್ಲೇ ಹಳಸುತ್ತೆ."

"ಮೈಯೊಳಗೂ ಹಾಗೇ. ತಿಂದದ್ದು ಅರಗೋಕೆ ಒಂದೊಂದು ಕೆಲಸಕ್ಕೂ ಒಂದೊಂದು ಕಿಣ್ವ ಬೇಕು. ಅದನ್ನೆಲ್ಲ ತಿಳಿಸೋ ವಿದ್ಯೆನೇ ಜೀವರಸಾಯನಶಾಸ್ತ್ರ. ಹಾಲಿನ ಸಕ್ಕರೆ ಅರಗಿಸೋಕೆ ಬೇಕಾದ ಕಿಣ್ವ ಹುಟ್ಟಿನಿಂದಲೇ ಇಲ್ಲದ ಮಕ್ಕಳು ಎಲ್ಲೋ ಒಬ್ಬೊಬ್ಬರು ಇರ್ತಾರೆ. ಅವರಿಗೆ ತಾಯಿ ಹಾಲೂ ವಿಷವಾಗುತ್ತೆ. ಮುಖ ನೋಡಿದ್ರೆ ತಿಳಿಯಲ್ಲ, ರಕ್ತ ನೋಡ್ಬೇಕು."

ಅಜ್ಜಿ ಪಕ್ಕಕ್ಕೆ ಸರಿದರು. ಅಪ್ಪನೇ ಮಗುವಿನ ಪಾದ ಹಿಡಿದುಕೊಂಡ. ಸೂಜಿ ತಾಗಿದರೂ ಅದು ಅಳಲಿಲ್ಲ, ಅಳುವ ತ್ರಾಣವೇ ಇರಲಿಲ್ಲ.

ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಎದೆಹಾಲು ನಿಲ್ಲಿಸಿ, ಹಾಲಿನ ಅಂಶವಿಲ್ಲದ ಪುಡಿ ಕಲಸಿ ಕುಡಿಸಿದರು. ಆಮೇಲೆ ಬಂದ ವರದಿಯೂ ನರ್ಸಕ್ಕನ ಅನುಮಾನವೇ ನಿಜ ಎಂದಿತು. ಜೀವವೇನೋ ಉಳಿಯಿತು. ಆದರೆ ಲಿವರ್ ಕೆಟ್ಟಿದೆ, ಕಣ್ಣಿಗೆ ಪೊರೆ ಬಂದಿದೆ. ಎಷ್ಟು ಸರಿಹೋಗುತ್ತದೋ ಡಾಕ್ಟರೂ ಹೇಳಲಾರರು.

ಮನೆಗೆ ಬಂದ ದಿನ ಬಾಣಂತಿ ನನ್ನ ಮುಖ ನೋಡಿದಳು.

"ಅಕ್ಕ, ಹಾಗಾದ್ರೆ ಮೊದಲನೇದಕ್ಕೂ... ನನ್ನ ಹಾಲೇನಾ?"

ಉತ್ತರ ಕೊಟ್ಟವರು ಅಜ್ಜಿ.

"ನಿನ್ನ ತಪ್ಪಲ್ಲ ಮಗಳೇ. ಆಗಲೂ ಸೂಜಿ ಬೇಡ ಅಂದೋಳು ನಾನು."

ತಾಯಂದಿರೇ, ಇದನ್ನು ಕೇಳಿ ಹೆದರಿ ಎದೆಹಾಲು ಬಿಡಿಸಬೇಡಿ. ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಅದೇ ಅಮೃತ. ಆದರೆ ಹುಟ್ಟಿದ ಮೊದಲ ದಿನಗಳಲ್ಲೇ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಮಗು ಕಾರಿಕೊಂಡು ಸೊರಗಿದರೆ ಕಾಯುತ್ತ ಕೂರದೆ ಆಸ್ಪತ್ರೆಗೆ ಓಡಿ. ನರ್ಸಕ್ಕ ನಿಮ್ಮ ಬಾಗಿಲು ತಟ್ಟಿದರೆ, ದಮ್ಮಯ್ಯ, ಮೊದಲ ಸಲವೇ ಒಳಗೆ ಕರೆಯಿರಿ.