ನೀರುಗಂಟಿಗೆ ಕೊಡತಿ

"ಪಟ್ಟಿ ಬಿಚ್ಚಿ ಕೈ ಇಡು ಇಲ್ಲಿ, ಮುನಿಲಕ್ಷ್ಮಿ," ಎಂದು ನನ್ನ ಗಂಡನ ಅಣ್ಣ ಚನ್ನರಾಯಪ್ಪ ಕಲ್ಲು ತೋರಿಸಿದ. ಕೈಯಲ್ಲಿ ಮರದ ಕೊಡತಿ ಎತ್ತಿಯಾಗಿತ್ತು. "ಒಂದೇ ಏಟು, ಗಂಟು ಒಡೆದು ನೀರಾಗ್ತದೆ. ನಮ್ಮಪ್ಪನ ಕಾಲದಿಂದ ಈ ಮನೇಲಿ ಇದೇ ಔಷಧಿ."

ಔಷಧಿಯಂತೆ ಔಷಧಿ, ಅವನ ತಲೆ! ಹಿಂದಿನ ದಿನವೇ ಶಿವಾರಪಟ್ಟಣದಿಂದ ಮಾಲೂರಿಗೆ ಹೋಗಿ ತೋರಿಸಿಕೊಂಡು ಬಂದಿದ್ದೆ. ಬಲ ಮಣಿಕಟ್ಟಿನ ಮೇಲೆ ಗೋಲಿ ಗಾತ್ರಕ್ಕೆ ಊದಿದ್ದನ್ನು ಡಾಕ್ಟರಮ್ಮ ಒತ್ತಿ ನೋಡಿ, "ನೀರುಗಂಟು. ಕೊಯ್ಯೋದೇನೂ ಬೇಡ. ಮೂರು ವಾರ ಪಟ್ಟಿ ಇರಲಿ, ಆ ಕೈಯಲ್ಲಿ ಕೆಲಸ ಮಾಡಬೇಡಿ. ಆಮೇಲೂ ನೋವಿದ್ರೆ ಸೂಜೀಲಿ ನೀರು ತೆಗೀತೀನಿ. ಯಾರಾದ್ರೂ ಗುದ್ದೋಕೆ ಬಂದ್ರೆ ಮಾತ್ರ ಕೈ ಕೊಡಬೇಡಿ, ಮೂಳೆ ಮುರೀತದೆ," ಎಂದಿದ್ದರು.

ಅದನ್ನೇ ಹೇಳಿದೆ. ಭಾವ ಕೊಡತಿ ಕೆಳಗಿಟ್ಟು ನಕ್ಕ.

"ಹಾಗಾದ್ರೆ ಮೂರು ವಾರ ಮಲ್ಕೋ ಹೋಗು. ಗಂಗಮ್ಮನ ಮುಖ ನಾನು ಮಾಡ್ತೀನಿ."

ಮೈಯೆಲ್ಲ ಉರಿದುಹೋಯಿತು. ತಮ್ಮೂರ ಗುಡಿಯ ಆ ಗಂಗಮ್ಮನನ್ನು ನಾನೇ ಕೆತ್ತಬೇಕೆಂದು ರಾಯಲ್ಪಾಡಿನವರು ಹೇಳಿ ಹೋಗಿದ್ದರು. ಹದಿನಾರು ವರ್ಷ ಈ ಮನೆಯಲ್ಲಿ ಸೀರೆಯ ನೆರಿಗೆ, ಬಳೆ, ಕಾಲ್ಬೆರಳು ಕೆತ್ತಿದ್ದೇನೆ. ಮುಖದ ಹೊತ್ತಿಗೆ ನನ್ನನ್ನು ಎಬ್ಬಿಸಿ ಭಾವ ಕೂರುತ್ತಿದ್ದ, ಪೀಠದ ಮೇಲೆ ಅವನದೇ ಹೆಸರು. ಇದೊಂದು ಮುಖವಾದರೂ ನನ್ನದಾಗಬೇಕಿತ್ತು. ಪ್ರತಿಷ್ಠೆಗೆ ಇನ್ನೂ ಎರಡು ತಿಂಗಳಿತ್ತು, ಯಾರಿಗೂ ಅವಸರವಿರಲಿಲ್ಲ. ಗಂಡ ಉದಯಕುಮಾರ್ ಮೂಲೆಯಲ್ಲಿ ತನ್ನ ಪಾಡಿಗೆ ಉಳಿ ಮಸೆಯುತ್ತಿದ್ದ.

ಎಡಗೈಯಲ್ಲಿ ಚೂಪು ಉಳಿ ಹಿಡಿದು, ಮುಖವೊಂದೇ ಬಾಕಿಯಿದ್ದ ಗಂಗಮ್ಮನ ಹುಬ್ಬಿನ ಜಾಗದಲ್ಲಿ ಒಂದು ಗೀರು ಎಳೆದುಬಿಟ್ಟೆ.

ಭಾವ ಬಿಳಿಚಿಕೊಂಡ. ಒಬ್ಬರು ಉಳಿಯಿಟ್ಟ ಮುಖವನ್ನು ಇನ್ನೊಬ್ಬರು ಮುಟ್ಟಿದರೆ ವಿಗ್ರಹ ಊನ ಎಂಬುದು ಈ ಮನೆಯ ಕಟ್ಟಳೆ. ಅದನ್ನು ಊರಿಗೆಲ್ಲ ಸಾರಿಕೊಂಡು ಬಂದವನೂ ಅವನೇ.

"ಲೇ ಉದಯಾ, ನಿನ್ನ ಹೆಂಡ್ತಿ ಏನು ಮಾಡಿದ್ಲು ನೋಡ್ಲಾ!"

"ನೋಡ್ದೆ ಕಣಣ್ಣ," ಎಂದ ನನ್ನ ಗಂಡ, ತಲೆ ಎತ್ತದೆ. "ಇನ್ಮೇಲೆ ಅವಳೇ ಮುಗಿಸ್ಬೇಕು."

"ಕೈ ವಾಸಿಯಾಗ್ದಿದ್ರೆ?"

"ಗಂಗಮ್ಮ ಮುಖ ಇಲ್ದೆ ಇಲ್ಲೇ ನಿಂತಿರ್ತಾಳೆ," ಎಂದೆ. "ಮನೆಗೆ ಹಿರಿಯರು ನೀವು, ರಾಯಲ್ಪಾಡಿನವರಿಗೆ ನೀವೇ ಉತ್ತರ ಹೇಳಿ ಭಾವ."

ಹತ್ತು ದಿನವಾಯಿತು. ನಾನು ಒಂದು ಚೆಂಬು ಎತ್ತಲು ಹೋದರೂ ಭಾವ ಓಡಿ ಬಂದು ಕಿತ್ತುಕೊಳ್ಳುತ್ತಾನೆ. ನನ್ನನ್ನು ನುಂಗುವ ಹಾಗೆ ನೋಡುತ್ತಾನೆ. ನೋಡಲಿ, ನನಗೇನು ಅವನ ಮೇಲೆ ಪ್ರೀತಿ ಉಕ್ಕುತ್ತಿದೆಯೇ? ಇವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ ತುಂಬಿದ ಬಿಂದಿಗೆಗೆ ಸುಮ್ಮನೆ ಬಲಗೈ ಚಾಚಿದೆ. ಹಲ್ಲು ಕಚ್ಚಿಕೊಂಡು ಬಂದು ಎತ್ತಿ ಹೆಗಲ ಮೇಲಿಟ್ಟುಕೊಂಡ.

"ಇನ್ನೂ ಮೂರಿವೆ ಭಾವ," ಎಂದೆ.